ಒಂದೇ ದೋಷಕ್ಕೆ ಎರಡು ಸಲ ಪ್ಯಾಚ್: ಆಸ್ಪತ್ರೆಯ ವಿಸೆಂಟರ್ ಸರ್ವರ್ ಸರಿಪಡಿಸಿದ ಅನುಭವ

ವಿಎಂಎಸ್‌ಎ-2024-0019 ಎಂಬ ಭದ್ರತಾ ಸೂಚನೆಯನ್ನು ವಿಎಂವೇರ್‌ನ ಒಡೆಯ ಕಂಪನಿ ಬ್ರಾಡ್‌ಕಾಮ್ ಹೊರಡಿಸಿದ್ದು 2024ರ ಸೆಪ್ಟೆಂಬರ್ 17ರಂದು. ವಿಎಂವೇರ್ ವಿಸೆಂಟರ್ ಸರ್ವರ್‌ನಲ್ಲಿ ಎರಡು ದೋಷಗಳಿವೆ, ಅವುಗಳಲ್ಲಿ ಒಂದರ ತೀವ್ರತೆ ಹತ್ತಕ್ಕೆ 9.8, ತಾತ್ಕಾಲಿಕ ಪರಿಹಾರ ಯಾವುದೂ ಇಲ್ಲ, ಪ್ಯಾಚ್ ಹಾಕುವುದೊಂದೇ ದಾರಿ ಎಂದು ಅದರಲ್ಲಿತ್ತು. ನಾನು ಒಂದು ಬೋಧನಾ ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಔಷಧಾಲಯದ ಬಿಲ್ಲು, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಚಿತ್ರಗಳ ಸಂಗ್ರಹ, ಎಲ್ಲವೂ ನಮ್ಮಲ್ಲಿ ವರ್ಚುವಲ್ ಮಷೀನ್‌ಗಳ ಮೇಲೆ, ಅಂದರೆ ದೊಡ್ಡ ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಗಣಕಯಂತ್ರಗಳ ಮೇಲೆಯೇ ನಡೆಯುತ್ತವೆ. ಆ ಮಷೀನ್‌ಗಳನ್ನೆಲ್ಲ ಆಳುವುದು ವಿಸೆಂಟರ್. ಸೂಚನೆಯನ್ನು ಓದಿದ ಕೂಡಲೇ ಉಳಿದ ಕೆಲಸಗಳನ್ನು ಬದಿಗಿಟ್ಟೆ.

ವಿಸೆಂಟರ್ ಸ್ವತಃ ರೋಗಿಗಳ ಮಾಹಿತಿಯನ್ನೇನೂ ಇಟ್ಟುಕೊಳ್ಳುವುದಿಲ್ಲ. ನಿಜವಾದ ಕೆಲಸ ನಡೆಯುವುದು ಹೋಸ್ಟ್‌ಗಳಲ್ಲಿ, ಅಂದರೆ ವಿಎಂವೇರ್‌ನ ಇಎಸ್‌ಎಕ್ಸ್‌ಐ ತಂತ್ರಾಂಶ ಹಾಕಿದ ದೊಡ್ಡ ಸರ್ವರ್‌ಗಳಲ್ಲಿ. ಆದರೆ ದೊಡ್ಡ ಮನೆಯ ಬೀಗದ ಕೈಗಳೆಲ್ಲ ಒಂದೇ ಗೊಂಚಲಿನಲ್ಲಿರುವ ಹಾಗೆ ಎಲ್ಲ ಹೋಸ್ಟ್‌ಗಳ ಅಧಿಕಾರ ವಿಸೆಂಟರ್‌ನ ಕೈಯಲ್ಲಿದೆ. ಅದು ಯಾರ ವಶಕ್ಕೆ ಸಿಕ್ಕಿತೋ ಅವರು ಯಾವ ಮಷೀನನ್ನಾದರೂ ನಿಲ್ಲಿಸಬಹುದು, ಅಳಿಸಬಹುದು, ಅದರ ಡಿಸ್ಕನ್ನೇ ನಕಲು ಮಾಡಿಕೊಂಡು ಹೋಗಬಹುದು. ಎಲ್ಲರ ಲಾಗಿನ್ ಪರಿಶೀಲಿಸುವ ಡೊಮೇನ್ ಕಂಟ್ರೋಲರ್‌ನ ಡಿಸ್ಕ್ ನಕಲಾದರೆ ಆಸ್ಪತ್ರೆಯ ಪ್ರತಿಯೊಬ್ಬ ಸಿಬ್ಬಂದಿಯ ಪಾಸ್‌ವರ್ಡ್ ಹ್ಯಾಶ್, ಅಂದರೆ ಪಾಸ್‌ವರ್ಡ್‌ನ ಸಂಕೇತರೂಪ, ಅದರ ಜೊತೆಗೇ ಹೋಗುತ್ತದೆ. ಮಷೀನಿನೊಳಗೆ ಕೂರಿಸಿದ ಆಂಟಿವೈರಸ್‌ಗೆ ಇದ್ಯಾವುದೂ ಕಾಣುವುದಿಲ್ಲ, ಏಕೆಂದರೆ ಕಳವು ನಡೆಯುವುದು ಅದರ ಕೆಳಗಿನ ಪದರದಲ್ಲಿ.

9.8 ತೀವ್ರತೆಯ ಆ ದೋಷಕ್ಕೆ ಸಾರ್ವಜನಿಕ ದೋಷಪಟ್ಟಿಯಲ್ಲಿ ಸಿವಿಇ-2024-38812 ಎಂಬ ಸಂಖ್ಯೆ. ಅದು ಇದ್ದದ್ದು ಡಿಸಿಇ-ಆರ್‌ಪಿಸಿ ಎಂಬ ಹಳೆಯ ಸಂವಹನ ಪದ್ಧತಿಯನ್ನು ವಿಸೆಂಟರ್ ಅಳವಡಿಸಿಕೊಂಡ ಭಾಗದಲ್ಲಿ. ವಿಸೆಂಟರ್‌ನ ಒಳಗಿನ ಡೈರೆಕ್ಟರಿ ಸೇವೆ, ಪ್ರಮಾಣಪತ್ರ ಕೊಡುವ ಸೇವೆ, ಲಾಗಿನ್‌ಗೆ ಸಂಬಂಧಿಸಿದ ಸೇವೆ ಇವೆಲ್ಲ ಪರಸ್ಪರ ಮಾತನಾಡಲು ಈ ಪದ್ಧತಿಯನ್ನೇ ಬಳಸುತ್ತವೆ. ಹೊರಗಿನಿಂದ ಬಂದ ಪ್ಯಾಕೆಟ್ಟನ್ನು ಮೆಮೊರಿಗೆ ಬರೆದುಕೊಳ್ಳುವಾಗ ಮೀಸಲಿಟ್ಟ ಜಾಗದ ಅಳತೆ ಮೀರಿ ಬರೆಯುವಂತೆ ಮಾಡಲು ಸಾಧ್ಯವಿತ್ತು. ಇದನ್ನು ಹೀಪ್ ಓವರ್‌ಫ್ಲೋ ಎನ್ನುತ್ತಾರೆ. ಇದನ್ನು ಬಳಸಿಕೊಳ್ಳಲು ಪಾಸ್‌ವರ್ಡ್ ಬೇಕಿಲ್ಲ, ಯಾರೂ ಯಾವ ಲಿಂಕನ್ನೂ ಒತ್ತಬೇಕಿಲ್ಲ. ವಿಸೆಂಟರ್‌ವರೆಗೆ ನೆಟ್‌ವರ್ಕ್‌ನಲ್ಲಿ ತಲುಪುವಂತಿದ್ದರೆ ಸಾಕು. ಚೀನಾದ ಮ್ಯಾಟ್ರಿಕ್ಸ್ ಕಪ್ ಎಂಬ ಸ್ಪರ್ಧೆಯಲ್ಲಿ ಟಿಝಡ್‌ಎಲ್ ಎಂಬ ತಂಡದ ಸಂಶೋಧಕರು ಇದನ್ನು ಕಂಡುಹಿಡಿದು ವರದಿ ಮಾಡಿದ್ದರು. ಎರಡನೆಯ ದೋಷ ಸಿವಿಇ-2024-38813. ಒಳಹೊಕ್ಕವನು ರೂಟ್ ಅಧಿಕಾರಕ್ಕೆ, ಅಂದರೆ ಸಂಪೂರ್ಣ ಅಧಿಕಾರಕ್ಕೆ, ಏರಲು ಅದು ದಾರಿ ಮಾಡಿಕೊಡುತ್ತಿತ್ತು.

ವಿಸೆಂಟರ್ ನೋಡಿಕೊಳ್ಳುವವರಿಗೆ ಇಂಥ ಸೂಚನೆ ಹೊಸದಲ್ಲ. 2021ರ ಫೆಬ್ರುವರಿಯಲ್ಲಿ ಒಂದು ಪ್ಲಗಿನ್ ಮೂಲಕ ಯಾರು ಬೇಕಾದರೂ ಫೈಲ್ ಏರಿಸಬಹುದಾದ ದೋಷ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ವಿಸ್ಯಾನ್ ಎಂಬ ವಿಎಂವೇರ್‌ನ ಸಂಗ್ರಹ ವ್ಯವಸ್ಥೆಯ ಆರೋಗ್ಯ ತಪಾಸಣೆಯ ಪ್ಲಗಿನ್‌ನಲ್ಲಿ ಮತ್ತೊಂದು. ವಿಸ್ಯಾನ್ ಬಳಸದವರಲ್ಲೂ ಆ ಪ್ಲಗಿನ್ ಚಾಲೂ ಇರುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅನಾಲಿಟಿಕ್ಸ್ ಸೇವೆಯಲ್ಲಿ ಇನ್ನೊಂದು. ಮೂರಕ್ಕೂ 9.8. ಡಿಸಿಇ-ಆರ್‌ಪಿಸಿಯ ಸರದಿ ಶುರುವಾದದ್ದು 2023ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಸಿವಿಇ-2023-34048 ಬಂತು. 2024ರ ಜೂನ್‌ನಲ್ಲಿ ಅದೇ ಭಾಗದಲ್ಲಿ ಇನ್ನೆರಡು ಸಿಕ್ಕವು. ಒಂದೇ ಭಾಗದಲ್ಲಿ ಹೀಗೆ ಮೇಲಿಂದ ಮೇಲೆ ದೋಷ ಸಿಗುತ್ತಿದೆ ಎಂದರೆ ಇದೇ ಕೊನೆಯದು ಎಂದು ನಂಬಲು ಯಾವ ಕಾರಣವೂ ಇಲ್ಲ. ಪ್ಯಾಚ್ ಹಾಕುತ್ತಲೇ ಇರಬೇಕು, ಜೊತೆಗೆ ಆ ಭಾಗವನ್ನು ಯಾರು ತಲುಪಬಹುದು ಎಂಬುದನ್ನೂ ಬಿಗಿಮಾಡಬೇಕು ಎಂಬ ಯೋಚನೆ ನನಗೆ ಬಲವಾಗಿ ಬಂದದ್ದು ಜೂನ್‌ನಲ್ಲೇ. ಸೆಪ್ಟೆಂಬರ್‌ನ ಸೂಚನೆ ಅದನ್ನು ಆಡಳಿತದ ಮುಂದಿಡಲು ಅವಕಾಶ ಕೊಟ್ಟಿತು.

ಆಸ್ಪತ್ರೆಯಲ್ಲಿ ‘ಸರ್ವರ್ ನಿಲ್ಲಿಸಬೇಕು’ ಎಂಬ ಮಾತು ಕಿವಿಗೆ ಬಿದ್ದರೆ ಎಲ್ಲರೂ ಎಚ್ಚರಾಗುತ್ತಾರೆ. ಎಚ್ಚರಾಗಲೇಬೇಕು. ವೈದ್ಯಕೀಯ ಅಧೀಕ್ಷಕರ ಕೊಠಡಿಯಲ್ಲಿ ಸಭೆ ಸೇರಿದಾಗ ಅವರು ಮೊದಲು ಕೇಳಿದ್ದು ಅದನ್ನೇ.

“ರಾತ್ರಿ ಅಪಘಾತದ ಕೇಸು ಬಂದರೆ ಸ್ಕ್ಯಾನ್ ಚಿತ್ರ ತೆರೆಯುತ್ತದೆಯೋ ಇಲ್ಲವೋ, ಅಷ್ಟು ಹೇಳಿ.”

“ತೆರೆಯುತ್ತದೆ ಸರ್. ನಾವು ನಿಲ್ಲಿಸುವುದು ನಿರ್ವಹಣಾ ಸರ್ವರ್ ಒಂದನ್ನೇ. ಚಿತ್ರಗಳ ಸರ್ವರ್, ಪ್ರಯೋಗಾಲಯದ ಸರ್ವರ್ ತಮ್ಮ ಪಾಡಿಗೆ ಹೋಸ್ಟ್‌ಗಳ ಮೇಲೆ ನಡೆಯುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಒಂದು ಹೋಸ್ಟ್ ಕೆಟ್ಟರೂ ಅದರ ಮೇಲಿದ್ದ ಮಷೀನ್‌ಗಳು ಬೇರೆ ಹೋಸ್ಟ್‌ನಲ್ಲಿ ತಾವಾಗಿಯೇ ಮತ್ತೆ ಶುರುವಾಗುತ್ತವೆ.”

“ಹಾಗಾದರೆ ಏನು ನಿಲ್ಲುತ್ತದೆ?”

“ಹೊಸ ಮಷೀನ್ ಮಾಡಲು ಆಗುವುದಿಲ್ಲ, ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸರಿಸಲು ಆಗುವುದಿಲ್ಲ, ಆ ರಾತ್ರಿಯ ಬ್ಯಾಕಪ್ ಕೆಲಸ ಮುಂದಕ್ಕೆ ಹೋಗುತ್ತದೆ.”

ಪ್ರಯೋಗಾಲಯದ ಮುಖ್ಯಸ್ಥೆಗೆ ಅಷ್ಟು ಸಾಲಲಿಲ್ಲ. “ನೀವು ಹೇಳುವುದು ಸರಿ ಇರಬಹುದು, ಆದರೂ ನಾನು ವರದಿಯ ಮುದ್ರಿತ ನಮೂನೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇರುತ್ತೇನೆ” ಎಂದರು. ಖಂಡಿತ ಇಟ್ಟುಕೊಳ್ಳಿ ಮೇಡಂ ಎಂದೆ. ಅಂಥ ಸಿದ್ಧತೆಯನ್ನು ಅಪನಂಬಿಕೆ ಎಂದು ತಿಳಿಯುವವರು ಆಸ್ಪತ್ರೆಯ ಕೆಲಸಕ್ಕೆ ಬರಬಾರದು.

ಖರ್ಚಿನ ಪ್ರಶ್ನೆ ಬಂದಾಗ ನಾನು ಹೇಳಿದ್ದು ಇಎಸ್‌ಎಕ್ಸ್‌ಐ ಆರ್ಗ್ಸ್ ಎಂಬ ಸುಲಿಗೆ ದಾಳಿಯ ಕಥೆ. 2023ರ ಫೆಬ್ರುವರಿ ಮೊದಲ ವಾರದಲ್ಲಿ ಫ್ರಾನ್ಸ್ ಸೇರಿದಂತೆ ಹಲವು ದೇಶಗಳಲ್ಲಿ ಸಾವಿರಾರು ಹೋಸ್ಟ್‌ಗಳ ಮೇಲಿನ ವರ್ಚುವಲ್ ಮಷೀನ್‌ಗಳ ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಲಾಯಿತು. ಆ ದಾಳಿಯೊಂದಿಗೆ ತಳಕು ಹಾಕಿಕೊಂಡ, ಹೋಸ್ಟ್‌ಗಳಲ್ಲಿನ ಎಸ್‌ಎಲ್‌ಪಿ ಎಂಬ ಸೇವೆಯ ದೋಷಕ್ಕೆ ಪ್ಯಾಚ್ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ. ನಡುವೆ ಹೆಚ್ಚುಕಡಿಮೆ ಎರಡು ವರ್ಷ ಕಳೆದಿತ್ತು. ಹಣಕಾಸು ಅಧಿಕಾರಿ ಆ ಎರಡು ದಿನಾಂಕಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮುಂದೆ ಅವರಿಂದ ಯಾವ ಆಕ್ಷೇಪವೂ ಬರಲಿಲ್ಲ.

ಪ್ಯಾಚ್ ಹಾಕುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಈಗಾಗಲೇ ಯಾರಾದರೂ ಒಳಗೆ ಬಂದಿದ್ದಾರೆಯೇ? ಬಹಳ ಜನ ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ಒಳಗೆ ಕುಳಿತವನನ್ನು ಪ್ಯಾಚ್ ಹೊರಗೆ ಹಾಕುವುದಿಲ್ಲ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಮ್ಯಾಂಡಿಯಂಟ್ ಸಂಸ್ಥೆ 2024ರ ಜನವರಿಯಲ್ಲಿ ಪ್ರಕಟಿಸಿದ ತನಿಖಾ ಟಿಪ್ಪಣಿ. 2023ರ ಅಕ್ಟೋಬರ್‌ನಲ್ಲಿ ಪ್ಯಾಚ್ ಸಿಕ್ಕ 34048 ದೋಷವನ್ನು ಯುಎನ್‌ಸಿ3886 ಎಂದು ಅವರು ಗುರುತಿಸುವ ಬೇಹುಗಾರಿಕೆಯ ಗುಂಪು 2021ರ ಕೊನೆಯಿಂದಲೇ ಬಳಸುತ್ತಿತ್ತು ಎಂದು ಅದರಲ್ಲಿದೆ. ಸುಳಿವು ಸಿಕ್ಕಿದ್ದು ಹೇಗೆ ಎಂಬುದು ಕುತೂಹಲಕರ. ಹಿಂಬಾಗಿಲ ತಂತ್ರಾಂಶ ಕೂರುವ ಕೆಲವೇ ನಿಮಿಷಗಳ ಮೊದಲು ವಿಸೆಂಟರ್‌ನ ಡೈರೆಕ್ಟರಿ ಸೇವೆಯಾದ ವಿಎಂಡಿಐಆರ್‌ಡಿ ಕುಸಿದು ಬಿದ್ದಿತ್ತು. ಒಂದು ಸೇವೆ ಕುಸಿದಾಗ ಆ ಕ್ಷಣದ ಮೆಮೊರಿಯ ಪ್ರತಿ ಕೋರ್ ಡಂಪ್ ಫೈಲಾಗಿ ಉಳಿಯುತ್ತದೆ, ವಿಸೆಂಟರ್ ಅದನ್ನು ತಾನಾಗಿ ಅಳಿಸುವುದಿಲ್ಲ. ಆದರೆ ಆ ಕಡೆಗಳಲ್ಲಿ ಕುಸಿತದ ಲಾಗ್ ಸಾಲು ಉಳಿದಿತ್ತು, ಡಂಪ್ ಫೈಲ್ ಮಾತ್ರ ಇರಲಿಲ್ಲ. ಯಾರೋ ಬೇಕೆಂದೇ ತೆಗೆದಿದ್ದರು.

38812 ಕೂಡ ಅದೇ ಡಿಸಿಇ-ಆರ್‌ಪಿಸಿ ಭಾಗದ ದೋಷ. ಆದ್ದರಿಂದ ಅದೇ ಪರೀಕ್ಷೆಯನ್ನು ನಮ್ಮಲ್ಲೂ ಮಾಡಬೇಕು ಎಂದುಕೊಂಡೆ. ನನ್ನ ಕಿರಿಯ ಸಹೋದ್ಯೋಗಿ ಒಂದು ಪರದೆಯಲ್ಲಿ ಕೋರ್ ಡಂಪ್ ದಾಖಲಿಸುವ ಲಾಗ್ ತೆರೆದಳು, ನಾನು ಇನ್ನೊಂದರಲ್ಲಿ ಕೋರ್ ಫೈಲುಗಳ ಫೋಲ್ಡರ್ ತೆರೆದೆ. ಅವಳು ಸಾಲು ಓದುವುದು, ನಾನು ಫೈಲ್ ಹುಡುಕುವುದು. “ವಿಸ್ಫಿಯರ್-ಯುಐ, ಮಾರ್ಚ್” ಎಂದಳು, ಇದೆ. “ಇನ್ನೊಂದು ವಿಸ್ಫಿಯರ್-ಯುಐ, ಜುಲೈ” ಎಂದಳು, ಅದೂ ಇದೆ. ವಿಎಂಡಿಐಆರ್‌ಡಿಯ ಹೆಸರು ಎಲ್ಲೂ ಬರಲಿಲ್ಲ. ಹಳೆಯ ಲಾಗ್‌ಗಳು ಸುತ್ತು ಹಾಕಿ ಅಳಿಸಿಹೋಗಿರುವ ಸಾಧ್ಯತೆ ಇದ್ದುದರಿಂದ ಬ್ಯಾಕಪ್‌ನಲ್ಲಿದ್ದ ಹಿಂದಿನ ಪ್ರತಿಗಳನ್ನೂ ಬಿಚ್ಚಿ ನೋಡಿದೆವು. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿದೆಯೇ, ರೂಟ್ ಖಾತೆಗೆ ದೂರದಿಂದ ಲಾಗಿನ್ ಆಗಲು ನಾವು ಹಾಕದ ಎಸ್‌ಎಸ್‌ಎಚ್ ಕೀಲಿ ಇದೆಯೇ, ಹೋಸ್ಟ್‌ಗಳಲ್ಲಿ ಸಹಿ ಇಲ್ಲದ ವಿಐಬಿ ಎಂಬ ತಂತ್ರಾಂಶದ ಪೊಟ್ಟಣಗಳಿವೆಯೇ ಎಂದೂ ನೋಡಿದ್ದಾಯಿತು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಪ್ಯಾಚ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ವರದಿ ಕೊಡುವುದು ಮೊದಲಾಗುತ್ತಿತ್ತು. ಅದರ 2022ರ ಏಪ್ರಿಲ್ 28ರ ಆದೇಶ ಹೇಳುವುದು ಅದನ್ನೇ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂಬುದೂ ಅದೇ ಆದೇಶದಲ್ಲಿದೆ. ಅಂದಿನಿಂದ ವಿಸೆಂಟರ್‌ನ ಲಾಗ್‌ಗಳು ಲಾಗ್‌ಗಳನ್ನು ಸಂಗ್ರಹಿಸುವ ಬೇರೆ ಸಿಸ್‌ಲಾಗ್ ಸರ್ವರ್‌ಗೂ ಹೋಗುವಂತೆ ಮಾಡಿದೆವು. ಒಳಹೊಕ್ಕವನು ಅಳಿಸಿದರೂ ಅಲ್ಲಿರುವ ಪ್ರತಿ ಅವನ ಕೈಗೆ ಎಟುಕುವುದಿಲ್ಲ.

ನಮ್ಮಲ್ಲಿದ್ದದ್ದು 8.0 ಅಪ್‌ಡೇಟ್ 2ರ ಸಾಲು. ಜೂನ್‌ನ ಪ್ಯಾಚ್ ಹಾಕಿ ಅದನ್ನು 2ಡಿಗೆ ತಂದಿದ್ದೆವು. ಸೆಪ್ಟೆಂಬರ್‌ನ ಸೂಚನೆಯಲ್ಲಿ 8.0ಕ್ಕೆ ಕೊಟ್ಟ ಪರಿಹಾರ ಅಪ್‌ಡೇಟ್ 3ಬಿ, 7.0ಕ್ಕೆ ಅಪ್‌ಡೇಟ್ 3ಎಸ್. ಹಾಗಾಗಿ ನಾವು ಬರೀ ಪ್ಯಾಚ್ ಹಾಕಿದರೆ ಮುಗಿಯುತ್ತಿರಲಿಲ್ಲ, ಒಂದು ಅಪ್‌ಡೇಟ್ ದಾಟಿ ಮುಂದಕ್ಕೆ ಹೋಗಬೇಕಿತ್ತು. ಇಂಥ ಜಿಗಿತದಲ್ಲಿ ತೊಡಕು ಬರುವುದು ವಿಸೆಂಟರ್‌ಗಿಂತ ಅದಕ್ಕೆ ಅಂಟಿಕೊಂಡ ಬೇರೆ ತಂತ್ರಾಂಶಗಳಿಂದ. ಬ್ಯಾಕಪ್ ತಂತ್ರಾಂಶದ ನಮ್ಮ ಆವೃತ್ತಿ ಅಪ್‌ಡೇಟ್ 3ನ್ನು ಬೆಂಬಲಿಸುತ್ತದೆಯೇ ಎಂದು ನೋಡಿದರೆ ಇಲ್ಲ, ಅದನ್ನೇ ಮೊದಲು ಮೇಲಕ್ಕೇರಿಸಬೇಕಿತ್ತು. ಹೋಸ್ಟ್‌ಗಳು ಹಳೆಯದರಲ್ಲೇ ಇದ್ದರೆ ತೊಂದರೆಯಿಲ್ಲ, ಹೋಸ್ಟ್‌ಗಿಂತ ವಿಸೆಂಟರ್ ಹಿಂದೆ ಬೀಳಬಾರದು ಅಷ್ಟೇ. ಮೊದಲು ಬ್ಯಾಕಪ್ ತಂತ್ರಾಂಶ, ನಂತರ ವಿಸೆಂಟರ್, ಕೊನೆಗೆ ಹೋಸ್ಟ್‌ಗಳು ಎಂದು ಕ್ರಮ ನಿಶ್ಚಯವಾಯಿತು.

ಈ ಕೆಲಸದಲ್ಲಿ ಕಾಗದದ ಪಾತ್ರ ದೊಡ್ಡದು. ವಿಸೆಂಟರ್ ಸ್ವತಃ ಒಂದು ವರ್ಚುವಲ್ ಮಷೀನ್, ಅದು ತಾನೇ ಆಳುವ ಹೋಸ್ಟ್‌ಗಳಲ್ಲೊಂದರ ಮೇಲೆ ಕುಳಿತಿರುತ್ತದೆ. ಅದನ್ನು ನಿಲ್ಲಿಸಿದ ಮೇಲೆ ಯಾವ ಹೋಸ್ಟ್‌ನಲ್ಲಿದೆ ಎಂದು ಹೇಳುವವರೇ ಇರುವುದಿಲ್ಲ. ಹೆಸರು ಕೊಟ್ಟರೆ ಐಪಿ ವಿಳಾಸ ಹೇಳಬೇಕಾದ ಡಿಎನ್‌ಎಸ್ ಸರ್ವರ್ ಕೂಡ ಅವೇ ಹೋಸ್ಟ್‌ಗಳ ಮೇಲಿನ ಮಷೀನ್. ಆದ್ದರಿಂದ ಎಲ್ಲ ಹೋಸ್ಟ್‌ಗಳ ಐಪಿ ವಿಳಾಸ, ಅಂದು ವಿಸೆಂಟರ್ ಇರುವ ಹೋಸ್ಟ್, ಅದರ ಫೈಲುಗಳಿರುವ ಡೇಟಾಸ್ಟೋರ್‌ನ ಹೆಸರು, ಇವನ್ನು ಒಂದು ಹಾಳೆಯಲ್ಲಿ ಬರೆದೆವು. ನಡುವೆ ಅದು ಬೇರೆ ಹೋಸ್ಟ್‌ಗೆ ಸರಿದುಬಿಡದಂತೆ, ಮಷೀನ್‌ಗಳನ್ನು ತಾನಾಗಿ ಹೋಸ್ಟ್‌ಗಳ ನಡುವೆ ಹಂಚುವ ಡಿಆರ್‌ಎಸ್ ಅನ್ನು ಕೈಯಾರೆ ನಡೆಸುವ ಸ್ಥಿತಿಗೆ ತಂದೆವು. ಹೋಸ್ಟ್‌ಗಳ ರೂಟ್ ಪಾಸ್‌ವರ್ಡ್ ಇರುವ ಮೊಹರು ಹಾಕಿದ ಲಕೋಟೆಯನ್ನು ಅಧೀಕ್ಷಕರ ಕಪಾಟಿನಿಂದ ರುಜು ಹಾಕಿ ಪಡೆದು, ಹಾಡಹಗಲೇ ಆ ಪಾಸ್‌ವರ್ಡ್‌ಗಳು ಕೆಲಸ ಮಾಡುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದೆವು.

ಹಗಲಿನ ಆ ಪರೀಕ್ಷೆಯಿಂದಲೇ ಒಂದು ತೊಡಕು ಹೊರಬಿತ್ತು. 5480ನೇ ಪೋರ್ಟ್‌ನಲ್ಲಿರುವ (ಪೋರ್ಟ್ ಎಂದರೆ ನೆಟ್‌ವರ್ಕ್‌ನಲ್ಲಿ ಒಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು) ವಿಸೆಂಟರ್‌ನ ಆಡಳಿತ ಪುಟಕ್ಕೆ ರೂಟ್ ಆಗಿ ಹೋಗಲು ನೋಡಿದರೆ ಒಳಗೆ ಬಿಡಲಿಲ್ಲ. ಆ ಖಾತೆಯ ಪಾಸ್‌ವರ್ಡ್‌ಗೆ ತೊಂಬತ್ತು ದಿನದ ಅವಧಿ ಇರುತ್ತದೆ, ಅದು ಮುಗಿದಿತ್ತು. ಕನ್ಸೋಲ್‌ನಲ್ಲಿ ಲಾಗಿನ್ ಆಗಿ ಹೊಸ ಪಾಸ್‌ವರ್ಡ್ ಕೊಟ್ಟು ಸರಿಮಾಡಿದೆವು. ಇದು ನಡುರಾತ್ರಿ ಗೊತ್ತಾಗಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಅದೇ ಹೊತ್ತಿನಲ್ಲಿ ಡಿಸ್ಕ್‌ನ ಖಾಲಿ ಜಾಗವನ್ನೂ ನೋಡಿದೆವು. ಲಾಗ್‌ಗೆ ಮೀಸಲಾದ ಭಾಗ ತುಂಬುವ ಹಂತಕ್ಕೆ ಬಂದಿತ್ತು, ಹಳೆಯವನ್ನು ಬೇರೆಡೆಗೆ ಸಾಗಿಸಿ ಜಾಗ ಮಾಡಿದೆವು. ಲಾಗಿನ್ ಟೋಕನ್‌ಗೆ ಸಹಿ ಹಾಕುವ ಎಸ್‌ಟಿಎಸ್ ಪ್ರಮಾಣಪತ್ರದ ಅವಧಿಯನ್ನೂ ಪರೀಕ್ಷಿಸಿದೆವು. ಅವಧಿ ಮುಗಿದ ಪ್ರಮಾಣಪತ್ರವಿದ್ದರೆ ವಿಸೆಂಟರ್ ನಿಂತು ಮತ್ತೆ ಎದ್ದಾಗ ಯಾರಿಗೂ ಲಾಗಿನ್ ಆಗುವುದಿಲ್ಲ, ಜನ ಪ್ಯಾಚನ್ನೇ ದೂರುತ್ತಾರೆ.

ಶನಿವಾರ ರಾತ್ರಿ ಹೊರರೋಗಿ ವಿಭಾಗ ಮುಚ್ಚಿ, ಔಷಧಾಲಯದ ದಿನದ ಲೆಕ್ಕ ಮುಗಿದ ಮೇಲೆ ಶುರುಮಾಡಿದೆವು. ಮೊದಲು ವಿಸೆಂಟರ್‌ನದೇ ಫೈಲ್ ಬ್ಯಾಕಪ್ ಅನ್ನು ಎಸ್‌ಎಫ್‌ಟಿಪಿ ಮೂಲಕ ಬೇರೆ ಸರ್ವರ್‌ಗೆ ತೆಗೆದೆವು. ನಂತರ ವಿಸೆಂಟರನ್ನು ಪೂರ್ತಿ ನಿಲ್ಲಿಸಿ, ಅದು ಕುಳಿತ ಹೋಸ್ಟ್‌ಗೆ ನೇರವಾಗಿ ಲಾಗಿನ್ ಆಗಿ ಸ್ನ್ಯಾಪ್‌ಶಾಟ್, ಅಂದರೆ ಕೆಟ್ಟರೆ ಮರಳಬಹುದಾದ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆದು, ಮತ್ತೆ ಚಾಲೂ ಮಾಡಿದೆವು. ನಮ್ಮಲ್ಲಿ ಇರುವುದು ಒಂದೇ ವಿಸೆಂಟರ್. ಎರಡು ಮೂರು ವಿಸೆಂಟರ್‌ಗಳು ಪರಸ್ಪರ ಜೋಡಣೆಯಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆಯಬೇಕು. ಇಲ್ಲದಿದ್ದರೆ ಹಿಂದಕ್ಕೆ ಹೋಗಬೇಕಾಗಿ ಬಂದಾಗ ಒಂದರ ಡೈರೆಕ್ಟರಿ ಇನ್ನೊಂದರದ್ದಕ್ಕೆ ಹೊಂದುವುದಿಲ್ಲ.

ಪ್ಯಾಚ್ ಇದ್ದ ಐಎಸ್‌ಒ ಫೈಲನ್ನು ಜೋಡಿಸಿ, ಆಡಳಿತ ಪುಟದಲ್ಲಿ ಪೂರ್ವ ತಪಾಸಣೆ ನಡೆಸಿ, ಮೊದಲು ಪೊಟ್ಟಣಗಳನ್ನು ಒಳಗೆ ಇಳಿಸಿಕೊಂಡೆವು. ಅಳವಡಿಸುವ ಗುಂಡಿ ಒತ್ತುವ ಮುನ್ನ ‘ನಾನು ಬ್ಯಾಕಪ್ ತೆಗೆದಿದ್ದೇನೆ’ ಎಂಬ ಚೌಕಕ್ಕೆ ಗುರುತು ಹಾಕಬೇಕು. ಅಲ್ಲಿ ಸಹೋದ್ಯೋಗಿ ಕೈ ತಡೆದು, ಬ್ಯಾಕಪ್ ಫೋಲ್ಡರ್‌ಗೆ ಹೋಗಿ ಫೈಲುಗಳ ಗಾತ್ರ ಮತ್ತು ಸಮಯವನ್ನು ಇನ್ನೊಮ್ಮೆ ನೋಡಿ ಬಂದು ಆಮೇಲೆ ಗುರುತು ಹಾಕಿದಳು. ಇಂಥವರ ಜೊತೆ ರಾತ್ರಿ ಕೆಲಸ ಮಾಡಲು ನನಗೆ ಧೈರ್ಯ.

ಶೇಕಡಾ ಏರುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಎಷ್ಟು ಹೊತ್ತಾದರೂ ಅಲುಗುವುದಿಲ್ಲ. ಮೊದಲ ಸಲ ನೋಡುವವರಿಗೆ ಕೆಟ್ಟೇಹೋಯಿತು ಅನ್ನಿಸುತ್ತದೆ, ರೀಬೂಟ್ ಗುಂಡಿಯ ಕಡೆ ಕೈ ಹೋಗುತ್ತದೆ. ಒತ್ತಬಾರದು. ಒಳಗೆ ಡೇಟಾಬೇಸ್‌ನ ರೂಪ ಬದಲಾಗುತ್ತಿರುತ್ತದೆ, ನಡುವೆ ನಿಲ್ಲಿಸಿದರೆ ಸ್ನ್ಯಾಪ್‌ಶಾಟೇ ಗತಿ. ನಾವು ಇನ್ನೊಂದು ಕಿಟಕಿಯಲ್ಲಿ ಅಳವಡಿಕೆಯ ಲಾಗ್ ತೆರೆದಿಟ್ಟುಕೊಂಡಿದ್ದೆವು. ಅದರಲ್ಲಿ ಸಾಲುಗಳು ಬರುತ್ತಿರುವ ತನಕ ಚಿಂತೆಯಿಲ್ಲ. ಅಳವಡಿಕೆ ಮುಗಿದ ಮೇಲೂ ಬ್ರೌಸರ್‌ನಲ್ಲಿ ‘ನೋ ಹೆಲ್ದಿ ಅಪ್‌ಸ್ಟ್ರೀಮ್’ ಎಂಬ ಒಂದೇ ಸಾಲು ಬಿಳಿ ಪುಟದ ಮೇಲೆ ಕಾಣುತ್ತದೆ. ಮುಂದಿನ ಬಾಗಿಲಿನ ಪ್ರಾಕ್ಸಿ ಎದ್ದಿದೆ, ಹಿಂದಿನ ಸೇವೆಗಳು ಇನ್ನೂ ಏಳುತ್ತಿವೆ ಎಂದಷ್ಟೇ ಅದರ ಅರ್ಥ. ಸೇವೆಗಳ ಪಟ್ಟಿಯನ್ನು ಆಗಾಗ ಕೇಳಿ ನೋಡುತ್ತ ಕಾದೆವು. ಲಾಗಿನ್ ಪುಟ ಬಂತು. ಹೋಸ್ಟ್‌ಗಳೆಲ್ಲ ಜೋಡಣೆಯಲ್ಲಿದ್ದವು. ಬಿಲ್ಡ್ ಸಂಖ್ಯೆಯನ್ನು ಬಿಡುಗಡೆ ಟಿಪ್ಪಣಿಯೊಂದಿಗೆ ಹೋಲಿಸಿದೆವು, ಒಂದು ಚಿಕ್ಕ ಮಷೀನನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸರಿಸಿದೆವು, ಬ್ಯಾಕಪ್ ಕೆಲಸ ಓಡಿಸಿದೆವು, ಬ್ಯಾಕಪ್‌ನಿಂದ ಒಂದು ಫೈಲನ್ನು ಮರಳಿ ತೆಗೆದೂ ನೋಡಿದೆವು. ಬೆಳಿಗ್ಗೆ ಪ್ರಯೋಗಾಲಯದ ಮುಖ್ಯಸ್ಥೆಗೆ ಫೋನ್ ಮಾಡಿದಾಗ, ರಾತ್ರಿಯಿಡೀ ವರದಿಗಳು ಎಂದಿನಂತೆ ಬಂದವು ಎಂದರು.

ಪ್ಯಾಚ್ ಆಯಿತು, ಆದರೆ ಜೂನ್‌ನಿಂದ ತಲೆಯಲ್ಲಿದ್ದ ಕೆಲಸ ಬಾಕಿ ಇತ್ತು. ವಿಸೆಂಟರನ್ನು ಯಾರ್ಯಾರು ತಲುಪಬಹುದು? 34048ರ ಬಗ್ಗೆ ಬಂದಿದ್ದ ವಿವರಣೆಯಲ್ಲಿ 2012, 2014, 2020 ಎಂಬ ಮೂರು ಪೋರ್ಟ್‌ಗಳ ಹೆಸರಿತ್ತು. ಅವುಗಳ ಜೊತೆ ನಮ್ಮ ಹೊರರೋಗಿ ವಿಭಾಗದ ಕೌಂಟರ್‌ನಲ್ಲಿರುವ ಗಣಕಯಂತ್ರಕ್ಕೆ ಏನು ಕೆಲಸ? ಏನೂ ಇಲ್ಲ. ಆದರೆ ಆ ಗಣಕಯಂತ್ರದಿಂದ ಪರೀಕ್ಷಿಸಿ ನೋಡಿದಾಗ ಮೂರೂ ತೆರೆದಿದ್ದವು. ಸರ್ವರ್‌ಗಳಿಗೆಲ್ಲ ಒಂದೇ ವಿಎಲ್ಯಾನ್, ಅಂದರೆ ನೆಟ್‌ವರ್ಕ್‌ನ ಒಂದೇ ವಿಭಾಗ, ಅದಕ್ಕೆ ಕಟ್ಟಡದ ಎಲ್ಲ ಕಡೆಯಿಂದ ದಾರಿ. ಬಹಳ ವರ್ಷಗಳ ಹಿಂದೆ ಗಣಕಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ ಮಾಡಿದ ವ್ಯವಸ್ಥೆ ಅದು.

ತಕ್ಷಣ ಮುಚ್ಚಲು ಹೋಗಲಿಲ್ಲ. ಮೊದಲು ಫೈರ್‌ವಾಲ್‌ನಲ್ಲಿ ಎಲ್ಲವನ್ನೂ ಬಿಡುತ್ತಲೇ ವಿಸೆಂಟರ್ ಕಡೆ ಬರುವ ಪ್ರತಿ ಸಂಪರ್ಕವನ್ನು ದಾಖಲಿಸಿದೆವು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಕಲಿಸಿದ ಹಂತ ಇದು. ಬ್ಯಾಕಪ್ ಸರ್ವರ್ ಬರುತ್ತದೆ, ಸರಿ. ಹೋಸ್ಟ್‌ಗಳು ಬರುತ್ತವೆ, ಸರಿ. ಒಂದು ಹಳೆಯ ಮೇಲ್ವಿಚಾರಣಾ ಸರ್ವರ್ ಅತ್ಯುನ್ನತ ಆಡಳಿತ ಖಾತೆಯನ್ನೇ ಬಳಸಿ ಕೆಲವು ನಿಮಿಷಕ್ಕೊಮ್ಮೆ ಲಾಗಿನ್ ಆಗುತ್ತಿತ್ತು. ಅದಕ್ಕೆ ಬೇಕಾದದ್ದು ಓದುವ ಅಧಿಕಾರ ಮಾತ್ರ. ತಂತ್ರಾಂಶ ಪೂರೈಸುವ ಒಬ್ಬ ಗುತ್ತಿಗೆದಾರರ ದೂರಸಂಪರ್ಕದ ಗಣಕಯಂತ್ರದಿಂದಲೂ ಸಂಪರ್ಕ ಬರುತ್ತಿತ್ತು. ವಿಚಾರಿಸಿದರೆ, ತಮ್ಮ ಒಂದು ಮಷೀನ್‌ನ ಕನ್ಸೋಲ್ ನೋಡಲು ಎಂದೋ ಕೊಟ್ಟ ಅನುಮತಿ. ಆ ಮಷೀನ್ ಈಗ ಬಳಕೆಯಲ್ಲೇ ಇರಲಿಲ್ಲ. ಮೇಲ್ವಿಚಾರಣೆಗೆ ಓದುವ ಅಧಿಕಾರದ ಹೊಸ ಖಾತೆ ಮಾಡಿದೆವು, ಗುತ್ತಿಗೆದಾರರ ಅನುಮತಿಯನ್ನು ತೆಗೆದೆವು.

ಆಮೇಲೆ ವಿಸೆಂಟರ್ ಮತ್ತು ಹೋಸ್ಟ್‌ಗಳ ನಿರ್ವಹಣಾ ವಿಳಾಸಗಳನ್ನು ಪ್ರತ್ಯೇಕ ವಿಎಲ್ಯಾನ್‌ನ ಹಿಂದಕ್ಕೆ ಸರಿಸಿದೆವು. ಆಡಳಿತಗಾರರು ಒಳಹೋಗಲು ಒಂದೇ ಮಧ್ಯವರ್ತಿ ಗಣಕಯಂತ್ರ, ಅದಕ್ಕೆ ಎರಡು ಹಂತದ ದೃಢೀಕರಣ. ಬ್ಯಾಕಪ್ ಸರ್ವರ್‌ಗೆ ವಿಸೆಂಟರ್‌ನ 443 ಮತ್ತು ಹೋಸ್ಟ್‌ಗಳ 902 ಮಾತ್ರ. ಈ ಕೆಲಸ ಮಾಡುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಹೋಸ್ಟ್‌ಗಳು ತಾವು ಬದುಕಿದ್ದೇವೆ ಎಂದು ವಿಸೆಂಟರ್‌ಗೆ ತಿಳಿಸುವುದು ಯುಡಿಪಿ 902ರ ಮೂಲಕ. ಟಿಸಿಪಿ ಮತ್ತು ಯುಡಿಪಿ ಮಾಹಿತಿ ಕಳುಹಿಸುವ ಎರಡು ಬೇರೆ ಪದ್ಧತಿಗಳು. ನಡುವೆ ಫೈರ್‌ವಾಲ್ ಬಂದು ಟಿಸಿಪಿಗೆ ಮಾತ್ರ ದಾರಿ ಬಿಟ್ಟು ಯುಡಿಪಿ ಮರೆತರೆ ಸ್ವಲ್ಪ ಹೊತ್ತಿನಲ್ಲೇ ಹೋಸ್ಟ್‌ಗಳು ಒಂದರ ಹಿಂದೆ ಒಂದರಂತೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಕೆಂಪು ಗುರುತಿಗೆ ಹೋಗುತ್ತವೆ. ಮಷೀನ್‌ಗಳಿಗೆ ಏನೂ ಆಗಿರುವುದಿಲ್ಲ, ಆದರೆ ನೋಡುವವರ ಎದೆ ಝಲ್ಲೆನ್ನುತ್ತದೆ.

ಈ ಕೆಲಸ ಮುಗಿಯುತ್ತ ಬಂದಿದ್ದಾಗ, ಅಕ್ಟೋಬರ್ 21ರಂದು, ಅದೇ ವಿಎಂಎಸ್‌ಎ-2024-0019 ಮತ್ತೆ ಬದಲಾಯಿತು. ಸೆಪ್ಟೆಂಬರ್ 17ರ ಪ್ಯಾಚ್‌ಗಳು 38812 ದೋಷವನ್ನು ಪೂರ್ತಿ ಸರಿಪಡಿಸಿಲ್ಲ, ಎಲ್ಲರೂ ಹೊಸ ಪ್ಯಾಚ್ ಹಾಕಿಕೊಳ್ಳಬೇಕು ಎಂದಿತ್ತು. 8.0ಕ್ಕೆ ಅಪ್‌ಡೇಟ್ 3ಡಿ ಮತ್ತು 2ಇ, 7.0ಕ್ಕೆ 3ಟಿ. ಮೊದಲ ಪರಿಹಾರದಲ್ಲಿ ಕೊರತೆ ಉಳಿದಿದೆ ಎಂದು ತಾವೇ ಮುಂದೆ ಬಂದು ಹೇಳಿದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಮೆಮೊರಿಯ ಅಳತೆ ಮೀರುವ ದೋಷಗಳ ಸ್ವಭಾವವೇ ಅಂಥದ್ದು. ಒಂದು ದಾರಿ ಮುಚ್ಚಿದರೂ ಅದೇ ಜಾಗಕ್ಕೆ ಬರುವ ಬೇರೆ ದಾರಿ ಉಳಿದಿರಬಹುದು. ಹೊಸ ಪ್ಯಾಚನ್ನು ಸದ್ದಿಲ್ಲದೆ ಬೇರೆ ಹೆಸರಿನಲ್ಲಿ ಸೇರಿಸಿ ಸುಮ್ಮನಿದ್ದರೆ ಸೆಪ್ಟೆಂಬರ್‌ನಲ್ಲಿ ಪ್ಯಾಚ್ ಹಾಕಿದವರೆಲ್ಲ ತಾವು ಸುರಕ್ಷಿತರೆಂದೇ ತಿಳಿದಿರುತ್ತಿದ್ದರು.

ಆದರೆ ಅಧೀಕ್ಷಕರ ಮುಂದೆ ಹೋಗಿ ಅದೇ ದೋಷಕ್ಕೆ ಮತ್ತೊಂದು ರಾತ್ರಿ ಕೇಳುವುದು ಸುಲಭವಿರಲಿಲ್ಲ.

“ಹೋದ ತಿಂಗಳು ಮಾಡಿದ್ದು ವ್ಯರ್ಥವೇ?” ಎಂದರು.

“ಇಲ್ಲ ಸರ್, ಅರ್ಧ ಆಗಿದೆ. ಆಗ ಕೌಂಟರ್‌ನ ಗಣಕಯಂತ್ರಕ್ಕೆ ವೈರಸ್ ಬಂದರೂ ವಿಸೆಂಟರ್‌ಗೆ ಅಪಾಯವಿತ್ತು. ಈಗ ಅಲ್ಲಿಂದ ದಾರಿಯೇ ಇಲ್ಲ. ಆದ್ದರಿಂದ ಇವತ್ತೇ ಆಗಬೇಕು ಎಂದು ನಾನು ಒತ್ತಾಯಿಸುತ್ತಿಲ್ಲ. ಆದರೆ ಬರುವ ಶನಿವಾರ ಬಿಟ್ಟುಕೊಡಿ.”

ಅವರು ಕ್ಯಾಲೆಂಡರ್ ನೋಡಿದರು. ದೀಪಾವಳಿ ಹತ್ತಿರವಿತ್ತು, ಸುಟ್ಟಗಾಯಗಳ ವಿಭಾಗದಲ್ಲಿ ಸಿಬ್ಬಂದಿ ಹೆಚ್ಚಿಸುವ ಯೋಚನೆಯಲ್ಲಿದ್ದರು. “ಹಬ್ಬಕ್ಕೆ ಮೊದಲೇ ಮುಗಿಸಿ, ಹಬ್ಬದ ರಾತ್ರಿಗಳಲ್ಲಿ ನಿಮ್ಮಿಬ್ಬರ ಫೋನ್ ತೆರೆದಿರಲಿ” ಎಂದು ಒಪ್ಪಿದರು.

ಎರಡನೆಯ ಸಲ ಬೇಗ ಆಯಿತು. ಬರೆದಿಟ್ಟ ಹಾಳೆ ಇತ್ತು, ಪಾಸ್‌ವರ್ಡ್‌ಗಳು ಹೊಸದಾಗಿದ್ದವು, ಡಿಸ್ಕ್‌ನಲ್ಲಿ ಜಾಗವಿತ್ತು, ನಾವು ಆಗಲೇ ಅಪ್‌ಡೇಟ್ 3ರ ಸಾಲಿನಲ್ಲಿದ್ದುದರಿಂದ 3ಡಿಗೆ ಹೋಗುವುದು ಚಿಕ್ಕ ಹೆಜ್ಜೆ. ಸೆಪ್ಟೆಂಬರ್‌ನಲ್ಲಿ ಜಿಗಿಯದೆ ಕಾದವರಿಗೆ 2ಇ ರೂಪದಲ್ಲಿ ತಮ್ಮ ಸಾಲಿನಲ್ಲೇ ಪರಿಹಾರ ಸಿಕ್ಕಿತು ಎಂಬುದು ನಿಜ, ಆದರೆ ಅಷ್ಟು ದಿನ ತೆರೆದ ದೋಷದೊಂದಿಗೆ ಕೂರಲು ನಾನು ಆಗಲೂ ಒಪ್ಪುತ್ತಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಈ ಬಾರಿ ಸಹೋದ್ಯೋಗಿಯೇ ಮುಂದೆ ಕುಳಿತು ಮಾಡಿದಳು. ಕೋರ್ ಡಂಪ್ ಪರೀಕ್ಷೆಯನ್ನೂ ಮೊದಲಿನಂತೆಯೇ ಪೂರ್ತಿ ಮಾಡಿದೆವು.

ನವೆಂಬರ್ 18ರಂದು ಸೂಚನೆ ಇನ್ನೊಮ್ಮೆ ಬದಲಾಯಿತು. 38812 ಮತ್ತು 38813 ಎರಡೂ ನಿಜವಾದ ದಾಳಿಗಳಲ್ಲಿ ಬಳಕೆಯಾಗಿವೆ ಎಂಬ ವಾಕ್ಯ ಸೇರಿತು. ಎರಡು ದಿನದ ಬಳಿಕ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇವನ್ನು ದಾಳಿಕೋರರು ಬಳಸುತ್ತಿರುವ ದೋಷಗಳ ತನ್ನ ಪಟ್ಟಿಗೆ ಸೇರಿಸಿತು. ಆ ಸುದ್ದಿಯನ್ನು ಅಧೀಕ್ಷಕರಿಗೆ ಕಳುಹಿಸಿದೆ. ಉತ್ತರವಾಗಿ ಅವರು ಕೇಳಿದ್ದು ಒಂದೇ: ನಿರ್ವಹಣಾ ವಿಎಲ್ಯಾನ್‌ನ ಅನುಮತಿ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತಮಗೂ ತೋರಿಸಲು ಸಾಧ್ಯವೇ ಎಂದು. ಅಂದಿನಿಂದ ತೋರಿಸುತ್ತಿದ್ದೇನೆ. ತಂತ್ರಜ್ಞಾನದ ವಿವರ ಅವರಿಗೆ ಬೇಕಿಲ್ಲ, ಪ್ರತಿ ಸಾಲಿನ ಮುಂದೆ ‘ಇದು ಯಾಕೆ ಬೇಕು’ ಎಂದು ಕೇಳುತ್ತಾರೆ. ಉತ್ತರ ತಡವರಿಸಿದ ಸಾಲು ಪಟ್ಟಿಯಿಂದ ಹೋಗುತ್ತದೆ.

2025ರ ಮಾರ್ಚ್ 4ರಂದು ಬಂದ ವಿಎಂಎಸ್‌ಎ-2025-0004ರಲ್ಲಿ ಸರದಿ ಹೋಸ್ಟ್‌ಗಳದಾಗಿತ್ತು. ವರ್ಚುವಲ್ ಮಷೀನಿನೊಳಗೆ ಆಡಳಿತಾಧಿಕಾರ ಪಡೆದವನು ಅದರಿಂದ ಹೊರಬಿದ್ದು ಹೋಸ್ಟ್‌ನಲ್ಲೇ ಕಾಲಿಡಬಹುದಾದ ದೋಷಗಳು, ಅವು ದಾಳಿಯಲ್ಲಿ ಬಳಕೆಯಾಗಿವೆ ಎಂಬ ಮಾಹಿತಿಯೂ ಜೊತೆಗಿತ್ತು. ಇಂಥದ್ದಕ್ಕೆ ನಮ್ಮ ವಿಎಲ್ಯಾನ್ ಬೇಲಿಯಿಂದ ಏನೂ ಪ್ರಯೋಜನವಿಲ್ಲ, ದಾಳಿ ಹುಟ್ಟುವುದೇ ಬೇಲಿಯ ಒಳಗಿನ ಮಷೀನಿನಿಂದ. ಒಂದೊಂದೇ ಹೋಸ್ಟನ್ನು ಖಾಲಿ ಮಾಡಿ, ಅದರ ಮೇಲಿನ ಮಷೀನ್‌ಗಳನ್ನು ನಡೆಯುತ್ತಿರುವಂತೆಯೇ ಬೇರೆಡೆ ಸರಿಸಿ, ಪ್ಯಾಚ್ ಹಾಕಿ ರೀಬೂಟ್ ಮಾಡುತ್ತ ಹೋದೆವು. ಹಗಲಿನಲ್ಲೇ ಮಾಡಿದೆವು, ಯಾರಿಗೂ ಗೊತ್ತಾಗಲಿಲ್ಲ. ಒಂದೇ ಒಂದು ಹೋಸ್ಟ್ ಉಳಿಯಿತು. ಪ್ರಯೋಗಾಲಯದ ಒಂದು ಉಪಕರಣದ ತಂತ್ರಾಂಶಕ್ಕೆ ಪರವಾನಗಿಯ ಯುಎಸ್‌ಬಿ ಡಾಂಗಲ್ ಬೇಕು, ಅದು ಆ ಹೋಸ್ಟ್‌ನ ಹಿಂಬದಿಗೆ ಸಿಕ್ಕಿಸಿದೆ. ಮಷೀನ್ ಬೇರೆಡೆಗೆ ಹೋದರೂ ಆ ಹೋಸ್ಟ್ ರೀಬೂಟ್ ಆಗುವ ಹೊತ್ತಿಗೆ ಡಾಂಗಲ್ ಕಾಣೆಯಾಗಿ ತಂತ್ರಾಂಶ ನಿಲ್ಲುತ್ತದೆ. ಮುಖ್ಯಸ್ಥೆಯ ಬಳಿ ಹೋದೆ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಉಪಕರಣವನ್ನು ನಿಲ್ಲಿಸಿಕೊಟ್ಟರು, ಅಷ್ಟು ಹೊತ್ತು ಅದರ ವರದಿಗಳನ್ನು ಮುದ್ರಿತ ನಮೂನೆಯಲ್ಲಿ ಕೈಯಲ್ಲಿ ಬರೆದುಕೊಟ್ಟರು. ಡಾಂಗಲ್ಲನ್ನು ನೆಟ್‌ವರ್ಕ್ ಮೂಲಕ ಹಂಚುವ ಒಂದು ಸಾಧನಕ್ಕೆ ಬೇಡಿಕೆ ಸಲ್ಲಿಸಿದ್ದೇವೆ, ಬೇಡಿಕೆಯ ಮೇಲೆ ಅವರ ರುಜುವೂ ಇದೆ.